ಅರ್ಜಿ ಮೊದಲು, ಮುಂಗಡ ಆಮೇಲೆ: ಕರಾವಳಿಯ ಮನೆಗೆ ಸೌರ ವಿದ್ಯುತ್ತು, ಮಳೆನೀರು ಮತ್ತು ಸಹಾಯಧನ

ಉಡುಪಿಯ ಹೊರವಲಯದಲ್ಲಿರುವ ನಮ್ಮ ಮನೆಗೆ ಸೌರ ಫಲಕ ಹಾಕಿಸಲು ಹೊರಟಾಗ ಮೊದಲ ತೊಡಕು ಬಂದದ್ದು ಕರೆಂಟು ಬಿಲ್ಲಿನ ಮೇಲಿದ್ದ ಹೆಸರಿನಿಂದ. ತೀರಿಕೊಂಡು 11 ವರ್ಷವಾಗಿದ್ದ ಅಜ್ಜನ ಹೆಸರಿನಲ್ಲಿಯೇ ಬಿಲ್ಲು ಬರುತ್ತಿತ್ತು. ಪ್ರತಿ ತಿಂಗಳೂ ಕಟ್ಟುತ್ತಿದ್ದವನು ನಾನಾದರೂ ಆ ಹೆಸರನ್ನು ಬದಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಸಹಾಯಧನಕ್ಕೆ ಅರ್ಜಿ ಹಾಕುವಾಗ ಮೀಟರು ಯಾರ ಹೆಸರಿನಲ್ಲಿದೆಯೋ ಅವರ ಆಧಾರ್ ಮತ್ತು ಅವರದೇ ಬ್ಯಾಂಕ್ ಖಾತೆ ಬೇಕಾಗುತ್ತದೆ. ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷ, ಮನೆತೆರಿಗೆಯ ರಶೀದಿ, ಮುಂಬೈಯಲ್ಲಿರುವ ಚಿಕ್ಕಪ್ಪನ ಮತ್ತು ಮಸ್ಕತ್‌ನಲ್ಲಿರುವ ಅತ್ತೆಯ ಒಪ್ಪಿಗೆ ಪತ್ರ, ಇಷ್ಟನ್ನು ಕೂಡಿಸಿ ಮೀಟರನ್ನು ಅಮ್ಮನ ಹೆಸರಿಗೆ ಮಾಡಿಸುವಷ್ಟರಲ್ಲಿ ಎರಡೂವರೆ ತಿಂಗಳು ಕಳೆಯಿತು. ಅಷ್ಟರೊಳಗೆ ಫಲಕ ಮಾರುವವರೊಬ್ಬರು ಮೂರು ಸಲ ಮನೆಗೆ ಬಂದು, ಮುಂಗಡ ಕೊಟ್ಟುಬಿಡಿ, ಕಾಗದಪತ್ರ ಆಮೇಲೆ ನೋಡೋಣ ಎಂದಿದ್ದರು. ಕೊಡದೆ ಇದ್ದದ್ದು ಒಳ್ಳೆಯದಾಯಿತು.

ಪಾಲಾಗದ ಆಸ್ತಿ, ಊರಲ್ಲಿ ಒಬ್ಬರು ಮತ್ತು ಹೊರಗೆ ನಾಲ್ವರು ಇರುವ ಕುಟುಂಬಗಳು ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಸಾಮಾನ್ಯವಾಗಿರುವುದರಿಂದ ಇದನ್ನು ಮೊದಲಿಗೇ ಹೇಳುತ್ತಿದ್ದೇನೆ. ಮನೆಯನ್ನು ಪರಿಸರಸ್ನೇಹಿಯಾಗಿಸಲು ಸರ್ಕಾರ ಕೊಡುವ ನೆರವೆಲ್ಲ ಸಾಮಾನ್ಯವಾಗಿ ಖರ್ಚು ಮಾಡಿದ ಮೇಲೆ ಕೈಸೇರುವಂಥದ್ದು, ಮತ್ತು ಖರ್ಚಿಗೆ ಮುಂಚೆ ಅರ್ಜಿ ಹಾಕಿದವರಿಗೆ ಮಾತ್ರ ಸಿಗುವಂಥದ್ದು. ಈ ಕ್ರಮ ತಪ್ಪಿದರೆ ಒಳ್ಳೆಯ ಸಾಮಾನು ಮನೆಗೆ ಬಂದಿರುತ್ತದೆ, ಹಣ ಬರುವುದಿಲ್ಲ.

ಹನ್ನೆರಡು ತಿಂಗಳ ಬಿಲ್ಲು ಮತ್ತು ಗೃಹಜ್ಯೋತಿಯ ಲೆಕ್ಕ

ನಮ್ಮ ಕಡೆಯ ವಿದ್ಯುತ್ ಕಂಪನಿಯಾದ ಮೆಸ್ಕಾಂನ ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡು, ಒಂದು ಹಾಳೆಯಲ್ಲಿ ತಿಂಗಳಿಗೊಂದರಂತೆ ಯೂನಿಟ್‌ಗಳನ್ನು ಬರೆದುಕೊಳ್ಳಬೇಕು. ಒಂದೇ ತಿಂಗಳ ಬಿಲ್ಲು ನೋಡಿ ತೀರ್ಮಾನಿಸುವುದು ಕರಾವಳಿಯಲ್ಲಿ ದೊಡ್ಡ ತಪ್ಪಾಗುತ್ತದೆ, ಏಕೆಂದರೆ ಏಪ್ರಿಲ್ ಮತ್ತು ಮೇ ತಿಂಗಳ ಸೆಕೆಯಲ್ಲಿ ಹಗಲಿರುಳು ಓಡುವ ಫ್ಯಾನು, ಎಸಿಗಳ ಬಳಕೆಗೂ ಮಳೆ ಸುರಿಯುವ ಆಟಿ ತಿಂಗಳ (ಜುಲೈ–ಆಗಸ್ಟ್) ಬಳಕೆಗೂ ಅಜಗಜಾಂತರವಿರುತ್ತದೆ.

ಗೃಹಜ್ಯೋತಿ ಫಲಾನುಭವಿಗಳು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಈ ಯೋಜನೆಯಲ್ಲಿ 2022–23ರ ಸರಾಸರಿ ಬಳಕೆಯ ಮೇಲೆ ಸಾಮಾನ್ಯವಾಗಿ ಶೇ 10ರಷ್ಟು ಸೇರಿಸಿ, 200 ಯೂನಿಟ್‌ನ ಮಿತಿಯೊಳಗೆ ಪ್ರತಿ ಮನೆಗೂ ಒಂದು ಅರ್ಹತೆಯ ಪ್ರಮಾಣ ನಿಗದಿಯಾಗಿದೆ. ಅದರೊಳಗೆ ಬಳಸಿದರೆ ಬಿಲ್ಲು ಶೂನ್ಯ. ಅದನ್ನು ಮೀರಿ 200ರೊಳಗೆ ನಿಂತರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್ಲನ್ನೂ ಕಟ್ಟಬೇಕು. ವರ್ಷವಿಡೀ ಶೂನ್ಯ ಬಿಲ್ಲು ಬರುವ ಮನೆಯವರು ಲಕ್ಷಾಂತರ ರೂಪಾಯಿ ಹಾಕಿ ಸೌರ ಫಲಕ ಕೂರಿಸಿದರೆ ಪರಿಸರಕ್ಕೆ ಲಾಭವಾಗುವುದು ನಿಜವಾದರೂ ಕಿಸೆಗೆ ಉಳಿತಾಯ ಅಷ್ಟೇನೂ ಇಲ್ಲ, ಮತ್ತು ಈ ಮಾತನ್ನು ಮಾರಾಟಗಾರರು ತಾವಾಗಿ ಹೇಳುವುದಿಲ್ಲ. ಅಂಥವರು ಮಳೆನೀರು ಮತ್ತು ಹಸಿ ಕಸದ ಕಡೆಗೆ ಮೊದಲು ಹೋಗುವುದು ಲೇಸು. ತಿಂಗಳಿಗೆ 250ರಿಂದ 400 ಯೂನಿಟ್ ಬಳಸುವ, ಪೂರ್ತಿ ಬಿಲ್ಲು ಕಟ್ಟುವ ಮನೆಗಳಿಗೆ ಸೌರ ವಿದ್ಯುತ್ತು ನಿಜವಾಗಿ ಹೊಂದುತ್ತದೆ.

200ರ ಗಡಿಯ ಆಚೀಚೆ ಓಲಾಡುವ ಮನೆಗಳಿಗೆ ಇನ್ನೂ ಅಗ್ಗದ ದಾರಿಯಿದೆ. ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ತೆಗೆದುಕೊಂಡರೆ ಬಿಎಲ್‌ಡಿಸಿ ಮೋಟರಿನ ಫ್ಯಾನು 30 ವ್ಯಾಟ್‌ನ ಆಸುಪಾಸಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ನಮ್ಮ ಊರಿನಲ್ಲಿ ಫ್ಯಾನು ದಿನಕ್ಕೆ ಹನ್ನೆರಡು ಗಂಟೆ ತಿರುಗುವುದು ಹೆಚ್ಚೇನಲ್ಲ. ಹಾಗೆ ತಿರುಗಿದರೆ ಒಂದೊಂದು ಫ್ಯಾನಿನಿಂದ ತಿಂಗಳಿಗೆ ಸುಮಾರು 16 ಯೂನಿಟ್, ಮೂರು ಫ್ಯಾನಿನಿಂದ 48 ಯೂನಿಟ್ ಉಳಿಯುತ್ತದೆ. ಗೃಹಜ್ಯೋತಿಯ ಅರ್ಹತೆ 198 ಯೂನಿಟ್ ಇರುವ ಮನೆಯೊಂದು ತಿಂಗಳಿಗೆ 230 ಬಳಸಿ 1,500 ರೂಪಾಯಿಗೂ ಮಿಕ್ಕಿದ ಬಿಲ್ಲು ಕಟ್ಟುತ್ತಿದ್ದರೆ, ಮೂರು ಫ್ಯಾನು ಬದಲಿಸಿದ ಮಾತ್ರಕ್ಕೆ ಅದು 182ಕ್ಕೆ ಇಳಿದು ಬಿಲ್ಲು ಶೂನ್ಯವಾಗುತ್ತದೆ. ತಲಾ 3,000 ರೂಪಾಯಿಯ ಮೂರು ಫ್ಯಾನಿನ ಹಣ ಆರು ತಿಂಗಳಲ್ಲಿ ಹುಟ್ಟುತ್ತದೆ. ಇದಕ್ಕೆ ಅರ್ಜಿಯೂ ಬೇಡ, ಕಚೇರಿಯ ಅಲೆದಾಟವೂ ಬೇಡ.

ಸೀಲಿಂಗ್ ಫ್ಯಾನಿಗೆ 2023ರ ಜನವರಿಯಿಂದ ಎಷ್ಟು ಕರೆಂಟು ಉಳಿಸುತ್ತದೆಂದು ತೋರಿಸುವ ನಕ್ಷತ್ರದ ಪಟ್ಟಿ (ಸ್ಟಾರ್ ಲೇಬಲ್) ಕಡ್ಡಾಯವಾಗಿದೆ, ಆದ್ದರಿಂದ ಅಂಗಡಿಯವರ ಮಾತಿಗಿಂತ ಪಟ್ಟಿಯ ಮೇಲಿನ ಅಂಕಿಯನ್ನು ನೋಡಿ ಕೊಳ್ಳಬೇಕು. ಎಸಿ ಕೊಳ್ಳುವವರಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಆ ಉಳಿತಾಯದಲ್ಲಿ ದೊಡ್ಡ ಎಸಿಯನ್ನು ಕೊಳ್ಳುವ ಬದಲು ಹೆಚ್ಚು ನಕ್ಷತ್ರದ್ದನ್ನು ಕೊಂಡರೆ ಮುಂದಿನ ಹತ್ತು ವರ್ಷದ ಬಿಲ್ಲಿನಲ್ಲಿ ಅದು ಕಾಣಿಸುತ್ತದೆ.

ಚಾವಣಿಯ ಸೌರ ವಿದ್ಯುತ್ತು

ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಆರಂಭವಾಯಿತು. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಹಾಯಧನವಿದೆ. ಅಂದರೆ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3ಕ್ಕೆ 78,000 ರೂಪಾಯಿ. 3 ಕಿಲೋವ್ಯಾಟ್‌ಗಿಂತ ದೊಡ್ಡದನ್ನು ಹಾಕಿಸಿದರೂ 78,000ಕ್ಕಿಂತ ಹೆಚ್ಚು ಬರುವುದಿಲ್ಲ. ವಸತಿ ಸಮುಚ್ಚಯಗಳ ಸಂಘಕ್ಕೆ ಪಂಪು, ಲಿಫ್ಟು, ಮೆಟ್ಟಿಲ ದೀಪ, ವಾಹನ ಚಾರ್ಜಿಂಗ್ ಮುಂತಾದ ಸಾಮೂಹಿಕ ಬಳಕೆಗೆ ಪ್ರತಿ ಕಿಲೋವ್ಯಾಟ್‌ಗೆ 18,000 ರೂಪಾಯಿಯಂತೆ, ಮನೆಯೊಂದಕ್ಕೆ 3 ಕಿಲೋವ್ಯಾಟ್ ಲೆಕ್ಕದಲ್ಲಿ 500 ಕಿಲೋವ್ಯಾಟ್‌ವರೆಗೆ ನೆರವಿದೆ. ಮಂಗಳೂರಿನ ಕದ್ರಿ, ಬಿಜೈ ಮತ್ತು ಮಣಿಪಾಲದ ಕಡೆಯ ಅಪಾರ್ಟ್‌ಮೆಂಟ್ ಸಂಘಗಳು ವಾರ್ಷಿಕ ಸಭೆಯ ಕಾರ್ಯಸೂಚಿಗೆ ಇದನ್ನು ಸೇರಿಸಿಕೊಳ್ಳಬಹುದು.

ಅರ್ಜಿಯ ಹೆಜ್ಜೆಗಳು ಹೀಗೆ ಸಾಗುತ್ತವೆ. ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ರಾಜ್ಯ, ವಿದ್ಯುತ್ ಕಂಪನಿ ಮತ್ತು ಗ್ರಾಹಕ ಸಂಖ್ಯೆಯನ್ನು ಕೊಟ್ಟು ಮೊಬೈಲ್ ಮೂಲಕ ನೋಂದಾಯಿಸಿಕೊಂಡು, ಬಿಲ್ಲಿನ ಪ್ರತಿಯೊಂದಿಗೆ ಅರ್ಜಿ ಸಲ್ಲಿಸಬೇಕು. ಮೆಸ್ಕಾಂ ಒಪ್ಪಿಗೆ ಬಂದ ಮೇಲೆಯೇ ಪೋರ್ಟಲ್‌ನಲ್ಲಿ ನೋಂದಾಯಿತರಾದ ಮಾರಾಟಗಾರರಲ್ಲಿ ಒಬ್ಬರನ್ನು ಆರಿಸಿ ಕರಾರು ಮಾಡಿಕೊಳ್ಳಬೇಕು. 2024ರಲ್ಲಿ ತಿದ್ದುಪಡಿಯಾದ ಗ್ರಾಹಕರ ಹಕ್ಕುಗಳ ನಿಯಮದ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಅಧ್ಯಯನದ ಅಗತ್ಯವಿಲ್ಲ, ಮತ್ತು 5 ಕಿಲೋವ್ಯಾಟ್‌ವರೆಗೆ ಬೀದಿಯ ಲೈನು ಬಲಪಡಿಸುವ ಖರ್ಚು ವಿದ್ಯುತ್ ಕಂಪನಿಯದೇ ಆಗಿರುತ್ತದೆ. ಟ್ರಾನ್ಸ್‌ಫಾರ್ಮರಿನ ಹೆಸರಿನಲ್ಲಿ ಯಾರಾದರೂ ನಿಮ್ಮಿಂದ ಹಣ ಕೇಳಿದರೆ ಈ ನಿಯಮವನ್ನು ನೆನಪಿಸಬಹುದು. ಫಲಕ ಕೂರಿಸಿದ ಮೇಲೆ ವಿವರಗಳನ್ನು ಪೋರ್ಟಲ್‌ಗೆ ಸೇರಿಸಿ ನೆಟ್ ಮೀಟರಿಗೆ (ಲೈನಿನಿಂದ ಪಡೆದ ಮತ್ತು ಲೈನಿಗೆ ಕೊಟ್ಟ ಕರೆಂಟು ಎರಡನ್ನೂ ಅಳೆಯುವ ಮೀಟರು) ಕೇಳಿಕೊಳ್ಳುವುದು, ಮೆಸ್ಕಾಂನವರ ಪರಿಶೀಲನೆ, ಮೀಟರ್ ಜೋಡಣೆ, ಚಾಲನಾ ವರದಿ, ಇವಿಷ್ಟು ಮುಗಿದ ನಂತರ ರದ್ದುಪಡಿಸಿದ ಚೆಕ್ಕಿನ ಪ್ರತಿಯೊಂದಿಗೆ ಬ್ಯಾಂಕ್ ವಿವರ ಕೊಟ್ಟರೆ ಸಹಾಯಧನ ನೇರವಾಗಿ ಖಾತೆಗೆ ಬರುತ್ತದೆ. ಹಾಗಾಗಿ ಪೂರ್ತಿ ಮೊತ್ತವನ್ನು ಹೊಂದಿಸಿಕೊಂಡೇ ಇಳಿಯಬೇಕು. ಸಹಾಯಧನವನ್ನು ಕಳೆದು ಉಳಿದದ್ದನ್ನು ಮಾತ್ರ ಲೆಕ್ಕ ಹಾಕಿಕೊಂಡವರು ಕೊನೆಯ ಕಂತಿನ ಹೊತ್ತಿಗೆ ಪೇಚಾಡುತ್ತಾರೆ.

ಹಣ ಹೊಂದಿಸಲು ಬ್ಯಾಂಕ್ ಸಾಲವಿದೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್‌ಗಳು ಹುಟ್ಟಿದ ನೆಲದಲ್ಲಿ ಸಾಲ ಕೇಳಲು ಯಾರಿಗೂ ಹೇಳಿಕೊಡಬೇಕಾಗಿಲ್ಲ, ಆದರೂ ಒಂದು ಸಂಗತಿ ಎಷ್ಟೋ ಮಂದಿಗೆ ಗೊತ್ತಿರುವುದಿಲ್ಲ: ಈ ಯೋಜನೆಯಡಿ 3 ಕಿಲೋವ್ಯಾಟ್‌ವರೆಗೆ 2 ಲಕ್ಷ ರೂಪಾಯಿಯೊಳಗಿನ ಸಾಲಕ್ಕೆ ಅಡಮಾನ ಬೇಡ, ಮತ್ತು ಬಡ್ಡಿ ರಿಸರ್ವ್ ಬ್ಯಾಂಕಿನ ರೆಪೊ ದರಕ್ಕಿಂತ ಶೇ 0.5ರಷ್ಟು ಮಾತ್ರ ಹೆಚ್ಚು. ಮಾರಾಟಗಾರರು ತಾವೇ ತಂದುಕೊಡುವ ಖಾಸಗಿ ಫೈನಾನ್ಸ್‌ನ ಬಡ್ಡಿಯನ್ನು ಇದರೊಂದಿಗೆ ಹೋಲಿಸಿ ನೋಡಿದ ಮೇಲೆ ಸಹಿ ಹಾಕುವುದು ಒಳ್ಳೆಯದು. ಆದಾಯ ತೆರಿಗೆಯಲ್ಲಿ ಶೇ 40 ಸವಕಳಿ ಸಿಗುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ವ್ಯಾಪಾರ, ಉದ್ಯಮದ ಲೆಕ್ಕಪತ್ರ ಇರುವವರಿಗೆ ಹೊರತು ವಾಸದ ಮನೆಗೆ ಅನ್ವಯಿಸುವುದಿಲ್ಲ.

ದರಪತ್ರ ಬಂದಾಗ ಮೊದಲು ಹುಡುಕಬೇಕಾದದ್ದು ‘ಡಿಸಿಆರ್’ ಎಂಬ ಮೂರು ಅಕ್ಷರ. ಸೌರಕೋಶವೂ ಫಲಕವೂ ಭಾರತದಲ್ಲೇ ತಯಾರಾಗಿದ್ದರೆ ಮಾತ್ರ ಸಹಾಯಧನ ಸಿಗುತ್ತದೆ, ಅಂಥ ಫಲಕಕ್ಕೆ ಈ ಹೆಸರು. ಹೊರಗಿನ ಕೋಶದ ಫಲಕ ಅಗ್ಗವಾಗಿರುವುದರಿಂದ ಎರಡು ದರಪತ್ರಗಳ ನಡುವೆ ಸಂಶಯ ಬರುವಷ್ಟು ಅಂತರ ಕಂಡರೆ ಕಾರಣ ಬಹುಮಟ್ಟಿಗೆ ಇದೇ ಆಗಿರುತ್ತದೆ. ಫಲಕಗಳ ಕ್ರಮಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಂಡು, ಅವು ಚಾವಣಿಗೆ ಏರುವ ಮುಂಚೆ ಹಿಂಬದಿಯ ಸ್ಟಿಕ್ಕರಿನ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಏರಿದ ಮೇಲೆ ಹಿಂಬದಿ ಯಾರಿಗೂ ಕಾಣುವುದಿಲ್ಲ. ಸೌರ ಸಾಧನಗಳ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ ಶೇ 12ರಿಂದ 5ಕ್ಕೆ ಇಳಿದಿರುವುದರಿಂದ ಹಳೆಯ ದರಪತ್ರವನ್ನು ಹಿಡಿದುಕೊಂಡು ಬಂದವರಿಂದ ಹೊಸದನ್ನು ಬರೆಸಿಕೊಳ್ಳಬೇಕು.

ಎಷ್ಟು ಕಿಲೋವ್ಯಾಟ್ ಬೇಕು? ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಎಂಬುದು ಎಲ್ಲೆಡೆ ಹೇಳುವ ಲೆಕ್ಕ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಆ ಸರಾಸರಿಯನ್ನು ಹಾಗೆಯೇ ನಂಬುವಂತಿಲ್ಲ. ನಮ್ಮ 3 ಕಿಲೋವ್ಯಾಟ್ ಘಟಕ ಕಳೆದ ಮಾರ್ಚಿನಲ್ಲಿ 391 ಯೂನಿಟ್ ಕೊಟ್ಟಿತು, ಜುಲೈಯಲ್ಲಿ 188. ಬೇಸಿಗೆಯಲ್ಲಿ ಉಳಿದು ಮೆಸ್ಕಾಂ ಲೈನಿಗೆ ಹೋದ ಯೂನಿಟ್‌ಗೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ, ಆದ್ದರಿಂದ ದೊಡ್ಡ ಘಟಕ ಹಾಕಿ ಕರೆಂಟು ಮಾರಿ ಗಳಿಸುವ ಆಸೆಯಿಂದ ಯಾರೂ ಹೊರಡಬಾರದು. 2025–26ರ ದರಪಟ್ಟಿಯಲ್ಲಿ ಮನೆಬಳಕೆಯ ಯೂನಿಟ್‌ಗೆ 5.80 ರೂಪಾಯಿ, ತೆರಿಗೆ, ಮೇಲ್ತೆರಿಗೆ ಸೇರಿದರೆ ಆರೂವರೆಯ ಸುತ್ತಮುತ್ತ ಇತ್ತು. ತಿಂಗಳಿಗೆ ಸರಾಸರಿ 300 ಯೂನಿಟ್ ಬಳಸುವ ಮನೆಗೆ 3 ಕಿಲೋವ್ಯಾಟ್ ಹಾಕಿ 1.95 ಲಕ್ಷ ಖರ್ಚಾಗಿ 78,000 ಮರಳಿ ಬಂದರೆ, ಉಳಿದ 1.17 ಲಕ್ಷ ಹುಟ್ಟಲು ಐದಾರು ವರ್ಷ ಸಾಕು. ಆದರೆ ಮಂಜೂರಾದ ಲೋಡಿಗೆ ತಕ್ಕ ನಿಗದಿತ ಶುಲ್ಕ ಸೌರ ಫಲಕ ಹಾಕಿದ ಮೇಲೂ ಬರುತ್ತಲೇ ಇರುತ್ತದೆ. ಬಿಲ್ಲು ಪೂರ್ತಿ ಸೊನ್ನೆಯಾಗುತ್ತದೆಂಬ ಭರವಸೆಯನ್ನು ನಂಬಬೇಡಿ.

ಇನ್ನು ಚಾವಣಿಯ ವಿಷಯ. ಬಯಲುಸೀಮೆಯ ಅನುಭವದಲ್ಲಿ ಬರೆದ ಸಲಹೆಗಳು ಇಲ್ಲಿ ಕಾಲುಭಾಗವೂ ಹೊಂದುವುದಿಲ್ಲ. ನಮ್ಮಲ್ಲಿ ಟೆರೇಸಿನ ಮೇಲೆ ಮತ್ತೊಂದು ಶೀಟಿನ ಮಾಡು ಇರುವುದೇ ಹೆಚ್ಚು: ಮಳೆಗೆ ಸ್ಲ್ಯಾಬು ಸೋರಬಾರದು, ಬಟ್ಟೆ ಒಣಗಬೇಕು, ಅಡಿಕೆ ಹರವಬೇಕು, ಮದುವೆಯ ಊಟಕ್ಕೆ ಎಲೆ ಹಾಕಲು ಜಾಗವಾಗಬೇಕು. ಆ ಶೀಟಿಗೇ ಸ್ಕ್ರೂ ಹೊಡೆದು ಫಲಕ ಕೂರಿಸಿದರೆ ಮೊದಲ ಮಳೆಗಾಲದಲ್ಲೇ ಒಂದೊಂದು ತೂತಿನಿಂದಲೂ ನೀರು ಇಳಿಯುತ್ತದೆ, ಜೂನ್ ತಿಂಗಳ ಗಾಳಿಗೆ ಶೀಟಿನ ಜೊತೆಗೆ ಫಲಕವೂ ಎದ್ದುಹೋಗುವ ಭಯವಿರುತ್ತದೆ. ಹಿಡಿಕೆಗಳು ಶೀಟನ್ನು ದಾಟಿ ಕೆಳಗಿನ ಕಬ್ಬಿಣದ ಪಟ್ಟಿಗೆ ಬಿಗಿಯಬೇಕು, ತೂತಿನ ಸುತ್ತ ರಬ್ಬರ್ ವಾಷರೂ ಸೀಲಂಟ್ ಪಟ್ಟಿಯೂ ಬೇಕು, ಮತ್ತು ಶೀಟಿನ ಕಂಬಗಳು ಸ್ಲ್ಯಾಬಿಗೆ ಸರಿಯಾಗಿ ಕೂತಿವೆಯೇ ಎಂಬುದನ್ನು ವೆಲ್ಡಿಂಗ್ ಕೆಲಸ ಬಲ್ಲವರಿಂದ ನೋಡಿಸಬೇಕು. ಈ ತಪಾಸಣೆಗೆ ಕೊಟ್ಟ ಎರಡು ಸಾವಿರ ರೂಪಾಯಿ ನಮ್ಮ ಇಡೀ ಖರ್ಚಿನಲ್ಲಿ ಅತ್ಯಂತ ಸಾರ್ಥಕವಾದದ್ದು. ನಾಲ್ಕು ಕಂಬಗಳ ಬುಡ ತುಕ್ಕು ಹಿಡಿದು ಕಾಗದದಂತಾಗಿದ್ದವು, ಮೇಲಿನಿಂದ ಬಣ್ಣ ಹೊಳೆಯುತ್ತಿತ್ತು.

ಹಂಚಿನ ಮನೆಯವರು ಮಾಡಿನ ಮೇಲೆ ಹಾಕಿಸುವ ಯೋಚನೆಯನ್ನೇ ಬಿಡುವುದು ಒಳ್ಳೆಯದು. 3 ಕಿಲೋವ್ಯಾಟ್‌ನ ಫಲಕಗಳೇ ಒಂದೂವರೆ ಕ್ವಿಂಟಲಿಗೂ ಹೆಚ್ಚು ತೂಗುತ್ತವೆ. ಮಂಗಳೂರು ಹಂಚಿಗೆ ಹಾಕಿದ ಹಳೆಯ ರೀಪುಗಳು ಆ ಭಾರಕ್ಕೂ ಗಾಳಿಯ ಸೆಳೆತಕ್ಕೂ ಮಾಡಿದವಲ್ಲ, ಮತ್ತು ಒಡೆದ ಹಂಚು ಬದಲಿಸಲು ಮಾಡು ಹತ್ತುವವರಿಗೆ ಕಾಲಿಡಲು ಜಾಗವೂ ಉಳಿಯುವುದಿಲ್ಲ. ಕಾರು ನಿಲ್ಲಿಸುವ ಶೆಡ್ಡು, ದನದ ಹಟ್ಟಿಯ ಮೇಲ್ಭಾಗ ಅಥವಾ ಅಂಗಳದ ಬದಿಯಲ್ಲಿ ಎತ್ತರಿಸಿದ ಚೌಕಟ್ಟು ಇದಕ್ಕೆ ತಕ್ಕ ಜಾಗ. ಕಿಲೋವ್ಯಾಟೊಂದಕ್ಕೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು, ಮುಖ ದಕ್ಷಿಣಕ್ಕಿರಬೇಕು, ಇಳಿಜಾರು 13 ಡಿಗ್ರಿಯ ಆಸುಪಾಸಿನಲ್ಲಿದ್ದರೆ ನಮ್ಮ ಅಕ್ಷಾಂಶಕ್ಕೆ ಸರಿಹೊಂದುತ್ತದೆ, ಮಳೆನೀರೂ ನಿಲ್ಲದೆ ಹರಿಯುತ್ತದೆ.

ನೆರಳು ಎಂದರೆ ಇಲ್ಲಿ ತೆಂಗಿನಮರವೇ. ಸಾಲಿನಲ್ಲಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ಒಂದು ಮಡಲಿನ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗುತ್ತದೆ. ಮಾರಾಟಗಾರರು ಬೆಳಗ್ಗೆ ಹತ್ತಕ್ಕೆ ಬಂದು ಅಳತೆ ತೆಗೆದುಕೊಂಡು ಹೋಗುತ್ತಾರೆ. ಮನೆಯವರು ಬೆಳಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಸಂಜೆ ನಾಲ್ಕು ಗಂಟೆಗೆ ಟೆರೇಸಿನಲ್ಲಿ ನಿಂತು ನೆರಳಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದಿಟ್ಟರೆ ನಿಜವಾದ ಜಾಗ ತಿಳಿಯುತ್ತದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ನೆರಳು ಇನ್ನಷ್ಟು ಉದ್ದವಾಗುತ್ತದೆಂಬುದನ್ನೂ ನೆನಪಿಡಬೇಕು. ಫಲ ಕೊಡುವ ಮರವನ್ನು ಕಡಿಯುವ ಬದಲು ಫಲಕವನ್ನು ಸರಿಸಬೇಕೆಂಬುದು ನನ್ನ ಅಭಿಪ್ರಾಯ. ಮರದ ತಲೆಯ ನೇರಕ್ಕೆ ಫಲಕ ಬಾರದಂತೆ ನೋಡಿಕೊಂಡರೆ ಬೀಳುವ ಕಾಯಿಯ ಪೆಟ್ಟೂ ತಪ್ಪುತ್ತದೆ.

ಮಲ್ಪೆ, ಕಾಪು, ಸುರತ್ಕಲ್, ಉಳ್ಳಾಲದಂತೆ ಕಡಲಿಗೆ ಹತ್ತಿರವಿರುವವರು ಉಪ್ಪುಗಾಳಿಯನ್ನು ಎದುರಿಸಬೇಕು. ಉಪ್ಪಿನ ಮಂಜನ್ನು ತಡೆಯುವ ಪರೀಕ್ಷೆಯಾದ ಐಇಸಿ 61701 ಪ್ರಮಾಣ ಫಲಕಕ್ಕೆ ಇದೆಯೇ ಎಂದು ಕೇಳಬೇಕು. ಚೌಕಟ್ಟು ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಕಬ್ಬಿಣದ್ದು ಅಥವಾ ಅಲ್ಯೂಮಿನಿಯಂನದ್ದಾಗಿರಬೇಕು. ಬೋಲ್ಟು ನಟ್ಟು ಸ್ಟೇನ್‌ಲೆಸ್ ಸ್ಟೀಲಿನದ್ದೇ ಆಗಬೇಕು. ಫಲಕಕ್ಕೆ 25 ವರ್ಷದ ವಾರಂಟಿ ಬರೆದುಕೊಟ್ಟು ಅದನ್ನು ಹಿಡಿದಿರುವ ಬೋಲ್ಟು ಐದು ವರ್ಷದಲ್ಲಿ ಕರಗಿಹೋಗುವುದನ್ನು ಈ ಕಡೆ ಎಷ್ಟೋ ಮನೆಗಳಲ್ಲಿ ನೋಡಬಹುದು.

ಸಿಡಿಲಿನ ಬಗ್ಗೆ ಉದಾಸೀನ ಸಲ್ಲದು. ಏಪ್ರಿಲ್, ಮೇ ತಿಂಗಳ ಮುಂಗಾರುಪೂರ್ವ ಗುಡುಗು ಮಳೆ ಮತ್ತು ಅಕ್ಟೋಬರಿನ ಸಂಜೆಯ ಸಿಡಿಲು ನಮಗೆ ಹೊಸತಲ್ಲ. ಮುರಕಲ್ಲಿನ (ಕೆಂಪುಕಲ್ಲಿನ) ನೆಲ ಬೇಸಿಗೆಯಲ್ಲಿ ಒಣಗಿ ಕರೆಂಟನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ, ಹಾಗಾಗಿ ಫಲಕದ ಕಡೆಗೆ, ಇನ್ವರ್ಟರಿನ ಕಡೆಗೆ ಮತ್ತು ಸಿಡಿಲು ವಾಹಕಕ್ಕೆ ಹೀಗೆ ಮೂರು ಪ್ರತ್ಯೇಕ ಅರ್ತಿಂಗ್ ಗುಂಡಿ ತೆಗೆಸಿ, ಸಾಧ್ಯವಾದರೆ ಬಚ್ಚಲ ನೀರು ಹರಿಯುವ ಅಥವಾ ಬಾಳೆಬುಡದ ತಂಪು ಜಾಗದಲ್ಲಿ ಇರಿಸಬೇಕು, ಕೊನೆಗೆ ಅರ್ತ್ ಟೆಸ್ಟರ್ ಹಿಡಿದು ಅಳತೆ ತೋರಿಸಲು ಹೇಳಬೇಕು. ದರಪತ್ರ ಇಳಿಸುವ ಭರದಲ್ಲಿ ಮೊದಲು ಮಾಯವಾಗುವ ಸಾಲು ಇದೇ.

ಇನ್ನೊಂದು ಮಾತನ್ನು ಹೇಳದಿದ್ದರೆ ಮೊದಲ ಮಳೆಗೆ ಮನೆಯವರು ಬೇಸರಪಡುತ್ತಾರೆ. ನೆಟ್ ಮೀಟರಿನ ಸೌರ ಘಟಕ ಬೀದಿಯ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಲೈನು ದುರಸ್ತಿ ಮಾಡುವ ಲೈನ್‌ಮ್ಯಾನಿಗೆ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿದ್ದಾರೆ. ಮರ ಬಿದ್ದು ಎರಡು ದಿನ ಕರೆಂಟಿಲ್ಲದ ಹೊತ್ತಿಗೆ ಬೆಳಕು ಬೇಕಾದರೆ ಮನೆಯ ಹಳೆಯ ಬ್ಯಾಟರಿ ಇನ್ವರ್ಟರನ್ನು ಹಾಗೆಯೇ ಉಳಿಸಿಕೊಳ್ಳಬೇಕು.

ಬಿಸಿನೀರು

ಹಂಡೆಗೆ ಗೆರಟೆ, ಸಿಪ್ಪೆ, ಕೊತ್ತಳಿಗೆ ಹಾಕಿ ನೀರು ಕಾಯಿಸುವ ಬಚ್ಚಲು ಇನ್ನೂ ಇರುವ ಮನೆಯವರು ಅದನ್ನು ಕೆಡವುವ ಅವಸರ ಮಾಡಬಾರದು. ತೋಟದ ಕಸವೇ ಅಲ್ಲಿ ಇಂಧನ, ಮತ್ತು ಬಿಸಿನೀರು ಹೆಚ್ಚು ಬೇಕಾಗುವ ಮಳೆಗಾಲದಲ್ಲಿಯೇ ಸೌರ ಹೀಟರು ಸೋಲುತ್ತದೆ. ಗೀಸರು ಅವಲಂಬಿಸಿದವರಿಗೆ ಸೌರ ಹೀಟರಿನಿಂದ ವರ್ಷದ ಏಳೆಂಟು ತಿಂಗಳು ಒಳ್ಳೆಯ ಉಳಿತಾಯವಿದೆ: 2 ಕಿಲೋವ್ಯಾಟ್‌ನ ಗೀಸರು ದಿನಕ್ಕೆ ಮುಕ್ಕಾಲು ಗಂಟೆ ಉರಿದರೆ ತಿಂಗಳಿಗೆ 45 ಯೂನಿಟ್ ಆಗುತ್ತದೆ.

ಸೌರ ಹೀಟರಿಗೆ ಕೇಂದ್ರದ ಸಹಾಯಧನ 2014ರಲ್ಲೇ ನಿಂತುಹೋಗಿದೆ. ಈಗಲೂ ಸಬ್ಸಿಡಿ ಕೊಡಿಸುತ್ತೇನೆಂದು ಯಾರಾದರೂ ಬೆಲೆ ಏರಿಸಿ ಇಳಿಸಿದರೆ ಅದು ಬರೀ ವ್ಯಾಪಾರದ ಮಾತು. ಹೀಟರು ಇರುವ ಮನೆಗಳಿಗೆ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿಯ ರಿಯಾಯಿತಿ ಬಹುಕಾಲ ನಡೆದುಬಂದಿದೆ. ಹಾಕಿಸಿದ ಬಿಲ್ಲನ್ನು ಉಪವಿಭಾಗ ಕಚೇರಿಗೆ ಕೊಟ್ಟು ನಿಮ್ಮ ಮೀಟರಿಗೆ ಅದು ಸಿಗುತ್ತದೆಯೇ ಎಂದು ವಿಚಾರಿಸುವುದರಲ್ಲಿ ನಷ್ಟವಿಲ್ಲ. ಮುರಕಲ್ಲಿನ ಬಾವಿಗಳ ನೀರು ಹುಳಿಗುಣದ್ದಾಗಿರುವುದರಿಂದ ತೊಟ್ಟಿ ಬೇಗ ತೂತಾಗುತ್ತದೆ. ಒಳಗಿನ ಮೆಗ್ನೀಸಿಯಂ ಕೋಲನ್ನು ಕಾಲಕಾಲಕ್ಕೆ ಬದಲಿಸಿಕೊಡುವ ಕರಾರು ಇರುವವರಿಂದಲೇ ಕೊಳ್ಳಬೇಕು.

ಮಾಡಿನ ನೀರು ಬಾವಿಗೆ

2019ರ ಬೇಸಿಗೆಯಲ್ಲಿ ನೇತ್ರಾವತಿಯ ತುಂಬೆ ಅಣೆಕಟ್ಟು ಬತ್ತುತ್ತ ಬಂದು ಮಂಗಳೂರಿಗೆ, ಸ್ವರ್ಣೆಯ ಬಜೆ ಅಣೆಕಟ್ಟು ಬರಿದಾಗಿ ಉಡುಪಿಗೆ ನೀರು ಪಾಳಿಯಲ್ಲಿ ಬಂದದ್ದನ್ನು ಯಾರೂ ಮರೆತಿರಲಾರರು. ಅದೇ ಊರುಗಳಲ್ಲಿ 1,000 ಚದರ ಅಡಿಯ ಒಂದು ಮಾಡಿನ ಮೇಲೆ ಒಂದು ಮಳೆಗಾಲಕ್ಕೆ ಬೀಳುವ ನೀರಿನಲ್ಲಿ ಎರಡೂವರೆ ಲಕ್ಷ ಲೀಟರಿಗೂ ಮಿಕ್ಕಿ ಹಿಡಿಯಬಹುದು. ಅಷ್ಟನ್ನು ತೊಟ್ಟಿಯಲ್ಲಿ ಕೂಡಿಡುವ ಪ್ರಶ್ನೆಯೇ ಇಲ್ಲ. ಅಂಗಳದ ಬಾವಿಯೇ ತೊಟ್ಟಿ.

ಮಾಡಿನ ಅಂಚಿಗೆ ದಂಬೆ (ನೀರು ಹಿಡಿಯುವ ಕಾಲುವೆ) ಕಟ್ಟಿಸಿ, ಅದರ ನೀರನ್ನು ನಾಲ್ಕು ಇಂಚಿನ ಪಿವಿಸಿ ಕೊಳವೆಯಲ್ಲಿ ಇಳಿಸಿ, ಸೋಸುವ ಡ್ರಮ್ಮಿನ ಮೂಲಕ ಬಾವಿಗೆ ಬಿಡುವುದು ಸಾಮಾನ್ಯ ಪದ್ಧತಿ. ಡ್ರಮ್ಮಿನಲ್ಲಿ ಕೆಳಗೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಇದ್ದಿಲು, ಮೇಲೆ ಮರಳು. ಪದರಗಳ ನಡುವೆ ನೈಲಾನ್ ಬಲೆ ಹಾಸಿದರೆ ತೊಳೆಯಲು ಸುಲಭ. ಮೊದಲ ಮೂರು ನಾಲ್ಕು ಮಳೆಯ ನೀರು ಧೂಳು, ಹಕ್ಕಿಯ ಹಿಕ್ಕೆ, ಕೊಳೆತ ಎಲೆಗಳನ್ನು ಹೊತ್ತು ತರುವುದರಿಂದ ಅದನ್ನು ಹೊರಗೆ ಬಿಡಲು ಒಂದು ಪ್ರತ್ಯೇಕ ಮುಚ್ಚಳ ಇರಲೇಬೇಕು. ಬಾವಿಯ ಸಮೀಪ ಪಾಯಿಖಾನೆಯ ಗುಂಡಿ ಇದ್ದರೆ ನೀರನ್ನು ಬಾವಿಯ ಪಕ್ಕದ ಇಂಗುಗುಂಡಿಗೆ ಕೊಡದೆ ಸೋಸಿ ನೇರವಾಗಿ ಬಾವಿಗೇ ಕೊಡುವುದು ಸುರಕ್ಷಿತ.

ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ತೆರೆದ ಬಾವಿ, ಬಚ್ಚಲುಗುಂಡಿ, ಗೊಬ್ಬರದ ಗುಂಡಿ ಮುಂತಾದ ವೈಯಕ್ತಿಕ ಕಾಮಗಾರಿಗಳಿಗೆ ಉದ್ಯೋಗ ಖಾತರಿಯ ಹಣವನ್ನು ಪಡೆದ ಮನೆಗಳು ಊರೂರಲ್ಲಿವೆ. ಉದ್ಯೋಗ ಚೀಟಿ ಇರುವ ಪರಿಶಿಷ್ಟ ಜಾತಿ, ಪಂಗಡ, ಬಡತನ ರೇಖೆಗಿಂತ ಕೆಳಗಿನ ಮತ್ತು ಸಣ್ಣ, ಅತಿಸಣ್ಣ ರೈತ ಕುಟುಂಬಗಳು ಇದಕ್ಕೆ ಅರ್ಹವಾಗಿದ್ದವು. ಇಲ್ಲಿಯೂ ಅದೇ ನಿಯಮವಿತ್ತು: ಕೆಲಸ ಗ್ರಾಮಸಭೆಯ ಕ್ರಿಯಾಯೋಜನೆಗೆ ಸೇರಬೇಕಿತ್ತು, ಅಗೆಯುವ ಮುಂಚಿನ ಜಾಗದ ಚಿತ್ರ, ಅರ್ಧವಾದಾಗಿನದು ಮತ್ತು ಮುಗಿದ ಮೇಲಿನದು ಸ್ಥಳದ ಗುರುತಿನೊಂದಿಗೆ ದಾಖಲಾಗಬೇಕಿತ್ತು. ಗುಂಡಿ ತೋಡಿಸಿ ಮುಗಿಸಿಯೇ ಪಂಚಾಯಿತಿಗೆ ಹೋದವರ ಬಳಿ ಮೊದಲ ಚಿತ್ರ ಇರುವುದಿಲ್ಲ, ಇಲ್ಲದ ಚಿತ್ರವನ್ನು ಯಾವ ಅಧಿಕಾರಿಯೂ ಹುಟ್ಟಿಸಲಾರರು.

ಹಸಿ ಕಸ ಮತ್ತು ಗೋಬರ್ ಗ್ಯಾಸ್

ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ 2019ರ ಆಗಸ್ಟಿನ ಮಳೆಗೆ ಜರಿದು ಮಂದಾರದ ತೋಟ, ಮನೆಗಳ ಮೇಲೆ ಹರಿದದ್ದು ನಮ್ಮ ಅಡುಗೆಮನೆಯ ಹಸಿ ಕಸವೂ ಸೇರಿದ ರಾಶಿಯೇ. ಎರಡು ಪ್ಲಾಸ್ಟಿಕ್ ಡಬ್ಬಿಗಳಿಗೆ ಬದಿಯಲ್ಲಿ ತೂತು ಕೊರೆದು, ತೆಂಗಿನ ನಾರಿನ ಹುಡಿಯನ್ನೂ ಒಣ ಎಲೆಯನ್ನೂ ಕಸದೊಂದಿಗೆ ಪದರ ಪದರವಾಗಿ ಹಾಕುತ್ತ ಬಂದರೆ, ಒಂದು ತುಂಬುವಷ್ಟರಲ್ಲಿ ಮತ್ತೊಂದು ಗೊಬ್ಬರವಾಗುತ್ತದೆ. ಮಳೆಗಾಲದಲ್ಲಿ ತೇವ ಹೆಚ್ಚಾಗಿ ಹುಳು, ವಾಸನೆ ಬರುವುದರಿಂದ ಮೇ ತಿಂಗಳಲ್ಲೇ ನಾಲ್ಕು ಚೀಲ ಒಣ ಎಲೆ ಕೂಡಿಟ್ಟುಕೊಳ್ಳಬೇಕು. ಮೀನಿನ ತಲೆ, ಚಿಪ್ಪುಗಳನ್ನು ಡಬ್ಬಿಗೆ ಹಾಕದೆ ತೆಂಗಿನ ಬುಡದಲ್ಲಿ ಒಂದಡಿ ಆಳಕ್ಕೆ ಹೂತರೆ ಬೆಕ್ಕು, ನಾಯಿಗಳ ಕಾಟವಿಲ್ಲ.

ಹಟ್ಟಿಯಲ್ಲಿ ನಾಲ್ಕೈದು ದನಗಳಿದ್ದರೆ ಗೋಬರ್ ಗ್ಯಾಸ್ ಈಗಲೂ ಲಾಭದಾಯಕ. 2 ಘನ ಮೀಟರ್ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸೆಗಣಿ ಬೇಕು. ಅದು ತಿಂಗಳಿಗೆ ಒಂದೂವರೆ ಸಿಲಿಂಡರಿಗೂ ಮಿಕ್ಕಿ ಅನಿಲ ಕೊಡುತ್ತದೆ, ಜೊತೆಗೆ ಅಡಿಕೆ ತೋಟಕ್ಕೆ ಸ್ಲರಿ. ಕೇಂದ್ರದ ರಾಷ್ಟ್ರೀಯ ಜೈವಿಕ ಇಂಧನ ಕಾರ್ಯಕ್ರಮದಲ್ಲಿ 2025–26ರವರೆಗಿನ ಅವಧಿಗೆ 1 ಘನ ಮೀಟರಿಗೆ 9,800, 2ರಿಂದ 4 ಘನ ಮೀಟರಿಗೆ 14,350 ರೂಪಾಯಿ ನಿಗದಿಯಾಗಿತ್ತು, ಪರಿಶಿಷ್ಟ ಜಾತಿ, ಪಂಗಡದವರಿಗೆ ಇದಕ್ಕಿಂತ ಹೆಚ್ಚು. ಗುಂಡಿ ತೋಡುವ ಮುಂಚೆ ಈ ವರ್ಷದ ಮೊತ್ತವನ್ನು ತಾಲೂಕು ಪಂಚಾಯಿತಿಯಲ್ಲಿ ಕೇಳಿಕೊಳ್ಳಬೇಕು. ಮಳೆಗಾಲದಲ್ಲಿ ನೀರಿನ ಮಟ್ಟ ಮೇಲೇರುವ ಗದ್ದೆಯಂಚಿನಲ್ಲಿ ಡೋಮು ಕಟ್ಟಿದರೆ ಒರತೆಯ ಒತ್ತಡಕ್ಕೆ ಬಿರುಕು ಬಿಡುತ್ತದೆ. ಎತ್ತರದ ಜಾಗದಲ್ಲಿ, ಜನವರಿಯಿಂದ ಏಪ್ರಿಲ್‌ನೊಳಗೆ ಕೆಲಸ ಮುಗಿಸಬೇಕು. ದನಗಳನ್ನು ಮಾರಿ ಹಟ್ಟಿ ಖಾಲಿಯಾದ ಮನೆಗಳಲ್ಲಿ ಸಹಾಯಧನ ಸಿಗುತ್ತದೆಂಬ ಕಾರಣಕ್ಕೆ ಘಟಕ ಕಟ್ಟಿಸಿ, ಎರಡೇ ವರ್ಷದಲ್ಲಿ ಡೋಮಿನ ಮೇಲೆ ಹುಲ್ಲು ಬೆಳೆದದ್ದನ್ನು ನಮ್ಮ ಊರಲ್ಲೇ ಎರಡು ಕಡೆ ನೋಡಿದ್ದೇನೆ.

ಕಾಗದಪತ್ರ ಮತ್ತು ನಿರ್ವಹಣೆ

ಸಹಾಯಧನ ಜಮೆಯಾದೊಡನೆ ಫೈಲನ್ನು ಅಟ್ಟಕ್ಕೆ ಎಸೆಯಬಾರದು. ಸೂರ್ಯ ಘರ್ ಯೋಜನೆಯಲ್ಲಿ ಮಾರಾಟಗಾರರು ಐದು ವರ್ಷ ನಿರ್ವಹಣೆ ಮಾಡಿಕೊಡಬೇಕೆಂಬ ಕರಾರಿದೆ, ಅದನ್ನು ಕೇಳಿ ಪಡೆಯಲು ಕರಾರುಪತ್ರ, ಕ್ರಮಸಂಖ್ಯೆಯಿರುವ ಬಿಲ್ಲು, ಚಾಲನಾ ವರದಿ ಈ ಮೂರೂ ಕೈಯಲ್ಲಿರಬೇಕು. ನಮ್ಮ ಕಡೆಯ ತೇವಕ್ಕೆ ಕಾಗದ ಮೂರೇ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದರಿಂದ ಎಲ್ಲದರ ಚಿತ್ರವನ್ನು ಮೊಬೈಲಿನಲ್ಲಿಟ್ಟು, ಮೂಲಪ್ರತಿಗಳನ್ನು ಬಿಗಿಯಾದ ಪ್ಲಾಸ್ಟಿಕ್ ಲಕೋಟೆಯಲ್ಲಿ ಗೋದ್ರೆಜಿನ ಒಳಗಿಡುವುದು ಮೇಲು. ಫಲಕಗಳಿಗೆ ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ, ವಿಶೇಷವಾಗಿ ಕೆಳಅಂಚಿನ ಚೌಕಟ್ಟಿನ ಬಳಿ; ನವರಾತ್ರಿಯ ಹೊತ್ತಿಗೆ ಬಿಸಿಲು ಮರಳಿದಾಗ, ಸೂರ್ಯ ಏರುವ ಮುಂಚೆ ಫಲಕ ತಣ್ಣಗಿರುವಾಗ, ಬಾವಿಯ ನೀರು ಮತ್ತು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಸಾಬೂನಿನ ಪುಡಿ, ತೆಂಗಿನ ನಾರು, ಕಬ್ಬಿಣದ ಬ್ರಷ್ಷು ತಾಕಿಸಬಾರದು. ಒರೆಸುವ ಹಿಂದಿನ ದಿನದ ಮತ್ತು ಮರುದಿನದ ಯೂನಿಟ್‌ಗಳನ್ನು ಇನ್ವರ್ಟರಿನ ಪರದೆಯಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ಹೋದ ಅಕ್ಟೋಬರಿನಲ್ಲಿ 9.8 ಇದ್ದದ್ದು 11.6 ಆಯಿತು, ಅಮ್ಮ ಅದನ್ನು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿದ್ದಾರೆ.